ಸೋನಿ ಆರ್‌ಎಕ್ಸ್100: ಆರು ಮಳೆಗಾಲ ಕಳೆದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಇದು ಹೊಸ ಕ್ಯಾಮೆರಾ ಅಲ್ಲ. ಸೋನಿ ಆರ್‌ಎಕ್ಸ್100 ಬಂದದ್ದು 2012ರಲ್ಲಿ. ಆಮೇಲೆ ಎರಡು, ಮೂರು ಅಂತ ಏಳನೇ ಮಾಡೆಲ್ ತನಕ ಬಂದಾಯಿತು, ಆ ಏಳನೆಯದೇ 2019ರದ್ದು. ನಾನು ಹೇಳುತ್ತಿರುವುದು ಹೆಸರಿನ ಹಿಂದೆ ಯಾವ ನಂಬರೂ ಇಲ್ಲದ ಮೊದಲನೆಯದರ ಬಗ್ಗೆ. ಅದೂ ಸೆಕೆಂಡ್ ಹ್ಯಾಂಡ್. ಬೆಂಗಳೂರಿನ ಒಂದು ಹಳೇ ಕ್ಯಾಮೆರಾ ಅಂಗಡಿಯಲ್ಲಿ 14,000 ರೂಪಾಯಿ ಕೊಟ್ಟು ತಂದೆ, ಆರು ಮಳೆಗಾಲ ಆಯಿತು. ಮನೆ ತೀರ್ಥಹಳ್ಳಿ ಕಡೆ, ಆಗುಂಬೆ ಘಾಟಿಗಿಂತ ಈಚೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಆಸುಪಾಸು ಮಳೆ. ನಮ್ಮಲ್ಲಿ ಅಷ್ಟು ಇಲ್ಲ. ಆದರೆ ಚಪ್ಪಲಿ, ಬೆಲ್ಟು, ಮದುವೆ ಆಲ್ಬಂ ಎಲ್ಲಕ್ಕೂ ಬೂಷ್ಟು ಹಿಡಿಯುವಷ್ಟು ಇದೆ. ಹಾಗಾಗಿ ಕ್ಯಾಮೆರಾ ಕೊಳ್ಳುವಾಗ ನಮ್ಮಂಥವರು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ, ಇದು ದೀಪಾವಳಿ ತನಕ ಬದುಕಿರುತ್ತದಾ?

ಇದಕ್ಕೂ ಮುಂಚೆ ಒಂದು ಚಿಕ್ಕ ಕ್ಯಾಮೆರಾ ಇತ್ತು. ಯಾವ ಕಂಪನಿಯದು ಅನ್ನುವುದು ಬೇಡ, ತಪ್ಪು ನಮ್ಮದೇ. ಮದುವೆಯಲ್ಲಿ ಭಾವ ಕೊಟ್ಟದ್ದು ಅಂತ ಅದನ್ನು ಬಂಗಾರದ ಹಾಗೆ ನೋಡಿಕೊಂಡೆವು. ಚರ್ಮದ ಚೀಲಕ್ಕೆ ಹಾಕಿ, ಅದರ ಮೇಲೊಂದು ಬಟ್ಟೆ ಸುತ್ತಿ, ಬೀರುವಿನಲ್ಲಿ ರೇಷ್ಮೆ ಸೀರೆಗಳ ಮಧ್ಯೆ ಇಟ್ಟು, ಹಬ್ಬಕ್ಕೆ ಮಾತ್ರ ಹೊರಗೆ ತೆಗೆಯುತ್ತಿದ್ದೆವು. ಒಂದು ವರ್ಷ ಯುಗಾದಿಗೆ ತೆಗೆದು ಒಳಗಿಟ್ಟದ್ದನ್ನು ದೀಪಾವಳಿಗೆ ತೆಗೆದು ನೋಡಿದರೆ ಲೆನ್ಸ್ ಒಳಗೆ ಜೇಡರ ಬಲೆ ಥರ ಬಿಳಿ ಎಳೆಗಳು. ಫೋಟೋ ಎಲ್ಲ ಮಂಜು ಮಂಜು. ಶಿವಮೊಗ್ಗದಲ್ಲಿ ರಿಪೇರಿಯವರ ಹತ್ತಿರ ಒಯ್ದೆ. ಅವರು ಲೆನ್ಸಿಗೆ ಟಾರ್ಚ್ ಹಿಡಿದು ನೋಡಿದರು, ಆಮೇಲೆ ನನ್ನ ಮುಖ ನೋಡಿದರು. "ಬೀರುವಲ್ಲಿ ಇಟ್ಟಿದ್ರಾ? ದಿನಾ ಬಳಸಿದ್ರೆ ಹೀಗಾಗ್ತಿರ್ಲಿಲ್ಲ ಸಾರ್" ಅಂದರು. ಅಷ್ಟೇ. ಕ್ಲೀನ್ ಮಾಡಿಸುವ ಖರ್ಚು ಕ್ಯಾಮೆರಾದ ಬೆಲೆಗೇ ಬರುತ್ತಿತ್ತು. ಅದನ್ನೀಗ ಮಕ್ಕಳು ಆಟಕ್ಕೆ ಇಟ್ಟುಕೊಂಡಿದ್ದಾರೆ.

ಆರ್‌ಎಕ್ಸ್100 ತಂದ ದಿನವೇ ಒಂದು ನಿರ್ಧಾರ ಮಾಡಿದೆ. ಇದನ್ನು ಜೋಪಾನ ಮಾಡುವುದು ಬೇಡ, ಬಳಸೋಣ. ಬಳಸಿದೆ ಕೂಡ. ಈ ವಿಮರ್ಶೆಯಲ್ಲಿ ಅರ್ಧ ಭಾಗ ಕ್ಯಾಮೆರಾದ ಗುಣ, ಇನ್ನರ್ಧ ಅದನ್ನು ಉಳಿಸಿಕೊಂಡ ಕಥೆ.

ಫೋನ್ ಇರುವಾಗ ಇದು ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಅಕ್ಕನ ಮಗ ಕೈಗೆ ತೆಗೆದುಕೊಂಡವನೇ ಕೇಳಿದ್ದು, "ಮಾವ, ಇದ್ರಿಂದ ಡೈರೆಕ್ಟಾಗಿ ವಾಟ್ಸಾಪ್‌ಗೆ ಹೋಗ್ತದಾ?" ಇಲ್ಲ. ಈ ಮೊದಲ ಮಾಡೆಲ್‌ನಲ್ಲಿ ವೈಫೈಯೇ ಇಲ್ಲ, ಅದು 2013ರ ಎರಡನೇ ಮಾಡೆಲ್‌ಗೆ ಬಂತು. "ಹಾಗಾದ್ರೆ ಎಂಥಕ್ಕೆ ಇದು?" ಅಂದ. ನ್ಯಾಯವಾದ ಪ್ರಶ್ನೆ.

ಉತ್ತರ ಇರುವುದು ಒಳಗೆ ಬೆಳಕು ಹಿಡಿಯುವ ಸೆನ್ಸರ್‌ನಲ್ಲಿ. ಇದಕ್ಕೆ ಒಂದು ಇಂಚಿನ ಸೆನ್ಸರ್ ಅಂತ ಹೆಸರು. ಅಳತೆ ಪಟ್ಟಿ ಹಿಡಿದರೆ ಎಲ್ಲೂ ಒಂದು ಇಂಚು ಸಿಗುವುದಿಲ್ಲ, ನಿಜವಾದ ಅಳತೆ 13.2 ಮತ್ತು 8.8 ಮಿಲಿಮೀಟರ್. ಹಳೇ ಕಾಲದ ಟಿವಿ ಕ್ಯಾಮೆರಾ ಟ್ಯೂಬುಗಳ ಲೆಕ್ಕ ಇನ್ನೂ ಹಾಗೇ ನಡೆದುಕೊಂಡು ಬಂದಿದೆ. ಏನೇ ಇರಲಿ, ಆ ಕಾಲದ ಸಾಮಾನ್ಯ ಜೇಬು ಕ್ಯಾಮೆರಾಗಳ ಸೆನ್ಸರ್‌ಗೆ ಹೋಲಿಸಿದರೆ ಇದರ ವಿಸ್ತೀರ್ಣ ಸುಮಾರು ನಾಲ್ಕು ಪಟ್ಟು. ದೊಡ್ಡ ಪಾತ್ರೆ ಇಟ್ಟರೆ ಜಾಸ್ತಿ ಮಳೆನೀರು ಬೀಳುತ್ತದಲ್ಲ, ಬೆಳಕಿನ ಲೆಕ್ಕವೂ ಹಾಗೇ. ಈಗ ಇಷ್ಟೇ ದೊಡ್ಡ ಸೆನ್ಸರ್ ಇರುವ ಫೋನುಗಳೂ ಬಂದಿವೆ, ಅವುಗಳ ಬೆಲೆ ಕೇಳಿದರೆ ನನಗೆ ಎಮ್ಮೆ ಕೊಳ್ಳುವುದು ನೆನಪಾಗುತ್ತದೆ. ಜೊತೆಗೆ ಇದರಲ್ಲಿ ನಿಜವಾದ ಝೂಮ್ ಇದೆ, ಹಳೇ ಫಿಲ್ಮ್ ಕ್ಯಾಮೆರಾಗಳ ಲೆಕ್ಕದಲ್ಲಿ 28ರಿಂದ 100 ಮಿಲಿಮೀಟರ್ ತನಕ, ಅಂದರೆ ಸುಮಾರು ಮೂರೂವರೆ ಪಟ್ಟು. ಗಾಜು ಮುಂದೆ ಹಿಂದೆ ಓಡಾಡಿ ಹತ್ತಿರ ತರುವ ಝೂಮ್, ಇರುವ ಫೋಟೋವನ್ನೇ ಕತ್ತರಿಸಿ ಹಿಗ್ಗಿಸುವುದಲ್ಲ. ಇನ್ನೊಂದು ವಿಷಯ, ನಮ್ಮ ಅಮ್ಮನ ಮುಖದ ಸುಕ್ಕನ್ನು ಇದು ಸುಕ್ಕಾಗಿಯೇ ಬಿಡುತ್ತದೆ. ಫೋನ್ ಅದನ್ನು ಇಸ್ತ್ರಿ ಮಾಡುತ್ತದೆ.

ಗಾತ್ರ ನಿಜಕ್ಕೂ ಸಣ್ಣದು. ಹತ್ತು ಸೆಂಟಿಮೀಟರ್ ಚಿಲ್ಲರೆ ಅಗಲ, ಮೂರೂವರೆ ಸೆಂಟಿಮೀಟರ್ ಚಿಲ್ಲರೆ ದಪ್ಪ, ಬ್ಯಾಟರಿ ಕಾರ್ಡ್ ಸೇರಿ 240 ಗ್ರಾಂ. ಪ್ಯಾಂಟ್ ಜೇಬಿಗೆ ಸಲೀಸು. ಅಂಗಿ ಜೇಬಿಗೆ ಹಾಕಬೇಡಿ, ಬಾವಿ ಬಗ್ಗಿ ನೋಡಿದ ದಿನ ಗೊತ್ತಾಗುತ್ತದೆ. ಪಂಚೆ ಉಡುವವರಿಗೆ ಜೇಬಿನ ಪ್ರಶ್ನೆಯೇ ಇಲ್ಲ, ಅದಕ್ಕೆ ನಾನು ಅಡಿಕೆ ಸಂಚಿಯಂಥ ಒಂದು ಬಟ್ಟೆ ಚೀಲ ಹೊಲಿಸಿಕೊಂಡಿದ್ದೇನೆ. ಮೈ ಅಲ್ಯೂಮಿನಿಯಂ, ನೋಡಲು ಚೆಂದ, ಹಿಡಿಯಲು ಸಾಬೂನು. ಬೆರಳಿಗೆ ಹಿಡಿತ ಸಿಗುವಂಥ ಉಬ್ಬು ಎಲ್ಲೂ ಇಲ್ಲ. ಇದೊಂದು ಚೆಂದಕ್ಕೆ ಮಾಡಿದ ತಪ್ಪು ಅಂತ ನನ್ನ ಅಭಿಪ್ರಾಯ. ಸೈಕಲ್ ಟ್ಯೂಬಿನ ಒಂದು ತುಂಡು ಕತ್ತರಿಸಿ, ಎರಡೂ ಬದಿ ಅಂಟುವ ಟೇಪಿನಿಂದ ಮುಂದಕ್ಕೆ ಅಂಟಿಸಿದ್ದೇನೆ. ಐದು ರೂಪಾಯಿ ಖರ್ಚಿಲ್ಲ. ಆರು ವರ್ಷದಲ್ಲಿ ಎರಡು ಸಲ ಬದಲಿಸಿದೆ. ಮಣಿಕಟ್ಟಿಗೆ ಹಾಕುವ ದಾರವನ್ನು ಮಾತ್ರ ಯಾವತ್ತೂ ಬಿಚ್ಚಿಲ್ಲ.

ಇದನ್ನು ಕೊಂಡದ್ದೇ ಯಕ್ಷಗಾನಕ್ಕೆ. ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಟ ಮೇಲೆ ನಮ್ಮ ಕಡೆ ವಾರಕ್ಕೊಂದಾದರೂ ಆಟ ಇದ್ದೇ ಇರುತ್ತದೆ. ರಾತ್ರಿ, ರಂಗಸ್ಥಳಕ್ಕೆ ಮಾತ್ರ ಬೆಳಕು, ಸುತ್ತ ಗದ್ದೆಯ ಕತ್ತಲು. ಫ್ಲಾಶ್ ಹೊಡೆದರೆ ಭಾಗವತರು ನೋಡುವ ನೋಟಕ್ಕೆ ಮತ್ತೆ ಹೊಡೆಯುವ ಧೈರ್ಯ ಬರುವುದಿಲ್ಲ, ಹೊಡೆಯಲೂ ಬಾರದು. ಇದರ ಲೆನ್ಸ್ ಝೂಮ್ ಮಾಡದೆ ಇದ್ದಾಗ ಎಫ್ 1.8, ಅಂದರೆ ಬಾಗಿಲು ಸಾಕಷ್ಟು ದೊಡ್ಡದಾಗಿ ತೆರೆಯುತ್ತದೆ. ಆದರೆ ಪೂರ್ತಿ ಝೂಮ್ ಮಾಡಿದರೆ ಎಫ್ 4.9ಕ್ಕೆ ಇಳಿಯುತ್ತದೆ, ಬೆಳಕು ಏಳನೇ ಒಂದು ಭಾಗದಷ್ಟು. ಹಾಗಾಗಿ ಆಟ ತೆಗೆಯುವವನು ಝೂಮ್ ಮರೆತುಬಿಡಬೇಕು, ಬೇಗ ಹೋಗಿ ಮುಂದಿನ ಸಾಲಿನಲ್ಲಿ ಚಾಪೆ ಹಾಸಬೇಕು. ಊಟ ಮಾಡಿ ನಿಧಾನಕ್ಕೆ ಬಂದರೆ ಫೋಟೋ ಇಲ್ಲ.

ಬಣ್ಣದ ವೇಷದವರ ಮುಖದ ಕೆಂಪು ಮತ್ತು ಕಿರೀಟದ ಹೊಳಪು ಎರಡೂ ಕ್ಯಾಮೆರಾಕ್ಕೆ ಕಷ್ಟ. ಸುತ್ತ ಕತ್ತಲಿರುವುದು ನೋಡಿ ಕ್ಯಾಮೆರಾ ಬೆಳಕು ಜಾಸ್ತಿ ಮಾಡುತ್ತದೆ, ಆಗ ಮುಖದ ಗೆರೆಗಳೆಲ್ಲ ಸೇರಿ ಒಂದೇ ಕೆಂಪು ಮುದ್ದೆ. ಎಕ್ಸ್‌ಪೋಷರ್ ಅನ್ನು ಮೈನಸ್ 0.7ಕ್ಕೆ ಇಳಿಸಿ, ಕ್ಯಾಮೆರಾ ಏನೂ ತಿದ್ದದೆ ಹಾಗೇ ಕೊಡುವ ರಾ ಫೈಲ್‌ನಲ್ಲಿ ತೆಗೆಯಿರಿ. ಒಂದೊಂದು ರಾ ಫೈಲ್ 20 ಎಂಬಿ ತಿನ್ನುತ್ತದೆ, ತಿನ್ನಲಿ. ಐಎಸ್‌ಒ, ಅಂದರೆ ಕತ್ತಲಲ್ಲಿ ಬೆಳಕನ್ನು ಹಿಗ್ಗಿಸುವ ಲೆಕ್ಕ, 1600 ತನಕ ಚೆನ್ನಾಗಿದೆ, 3200ರಲ್ಲಿ ಕಾಳು ಕಾಳು ಕಾಣುತ್ತದೆ, ಗೋಡೆಗೆ ಹಾಕುವ ಸೈಜಿಗೆ ಪರವಾಗಿಲ್ಲ. 6400 ಇದೆ ಅಂತ ಮೆನುವಿನಲ್ಲಿ ಬರೆದಿದೆ, ಇರಲಿ ಬಿಡಿ. ಈಗಿನ ರಂಗಸ್ಥಳದ ಎಲ್‌ಇಡಿ ದೀಪಗಳಲ್ಲಿ ಇನ್ನೊಂದು ತಮಾಷೆ ಇದೆ. ಕೆಲವು ದೀಪಗಳು ನಮ್ಮ ಕಣ್ಣಿಗೆ ಕಾಣದ ಹಾಗೆ ಸೆಕೆಂಡಿಗೆ 100 ಸಲ ಮಿಟುಕುತ್ತವೆ. ಶಟರ್ ತುಂಬಾ ವೇಗವಾಗಿ ಇಟ್ಟರೆ ಒಂದು ಫೋಟೋ ಬೆಳ್ಳಗೆ, ಮುಂದಿನದು ಮಂಕು. ನಾನು ಸೆಕೆಂಡಿನ 100ರಲ್ಲಿ ಒಂದು ಭಾಗಕ್ಕೆ ಕಟ್ಟಿಹಾಕಿಬಿಟ್ಟಿದ್ದೇನೆ. ವೇಷದವರು ಹಾರಿ ಸುತ್ತುವ ಧಿಗಿಣ ತೆಗೆಯುವಾಗ ಕೈಕಾಲು ಸ್ವಲ್ಪ ಕಲಸಿಹೋಗುತ್ತದೆ. ಮುಖ ಸ್ಪಷ್ಟ ಇದ್ದರೆ ಆ ಕಲಸಿದ್ದೇ ನನಗಿಷ್ಟ, ಕಂಬದ ಹಾಗೆ ನಿಂತ ಧಿಗಿಣ ಯಾರಿಗೆ ಬೇಕು?

ಈ ಸೆಟ್ಟಿಂಗ್ ಎಲ್ಲ ಪ್ರತಿ ಸಲ ಮಾಡುತ್ತಾ ಕೂತರೆ ಆಟ ಮುಗಿದು ಮಂಗಳ ಹಾಡಿರುತ್ತಾರೆ. ಮೇಲಿನ ಡಯಲ್‌ನಲ್ಲಿ ಎಂಆರ್ ಅಂತ ಒಂದು ಜಾಗ ಇದೆ, ಅಲ್ಲಿ ಮೂರು ಥರದ ಸೆಟ್ಟಿಂಗ್ ಉಳಿಸಿ ಇಡಬಹುದು. ನನ್ನಲ್ಲಿ ಒಂದು ಆಟಕ್ಕೆ, ಎರಡು ತೋಟದ ಹುಳ ಹೂವಿಗೆ, ಮೂರು ಮನೆಯವರ ಕೈಗೆ ಕೊಡುವಾಗ. ಬಳಸಿದವರಲ್ಲಿ ಎಷ್ಟೋ ಜನ ಈ ಎಂಆರ್ ಅನ್ನು ಮುಟ್ಟಿಯೇ ಇರುವುದಿಲ್ಲ. ದಯವಿಟ್ಟು ಮುಟ್ಟಿ. ಶಬ್ದ ಬಂದ್ ಮಾಡಿದರೆ ಶಟರ್ ಎಷ್ಟು ಮೆತ್ತಗೆ ಬೀಳುತ್ತದೆಂದರೆ ಪಕ್ಕದಲ್ಲಿ ನಿದ್ದೆ ಹೋದ ಅಜ್ಜನಿಗೂ ಎಚ್ಚರ ಆಗುವುದಿಲ್ಲ.

ತೋಟದಲ್ಲಿ ಅಡಿಕೆ ಸಿಂಗಾರ, ಅಣಬೆ, ಕಪ್ಪೆ ತೆಗೆಯಲು ಝೂಮ್ ಮಾಡದೆ 5 ಸೆಂಟಿಮೀಟರ್ ಹತ್ತಿರ ಹೋಗಬಹುದು. ಅಷ್ಟು ಹತ್ತಿರ ಹೋದಾಗ ಲೆನ್ಸ್‌ನ ನೆರಳೇ ಕಪ್ಪೆ ಮೇಲೆ ಬೀಳುತ್ತದೆ ಮತ್ತು ಕಪ್ಪೆ ಹಾರುತ್ತದೆ. ಝೂಮ್ ಮಾಡಿ ದೂರದಿಂದ ತೆಗೆಯೋಣ ಅಂದರೆ 55 ಸೆಂಟಿಮೀಟರ್ ಹಿಂದೆ ನಿಲ್ಲಬೇಕು, ಆಗ ಅದು ಬರೀ ಚುಕ್ಕೆ. ಚಿಟ್ಟೆ ಹುಚ್ಚಿರುವವರು ಬೇರೆ ಕ್ಯಾಮೆರಾ ನೋಡಿಕೊಳ್ಳಿ.

ಫ್ಲಾಶ್ ಬಗ್ಗೆ ಒಂದು ಉಪಾಯ. ಮೇಲಕ್ಕೆ ಪುಟಿಯುವ ಆ ಸಣ್ಣ ಫ್ಲಾಶನ್ನು ಬೆರಳಿನಿಂದ ಹಿಂದಕ್ಕೆ ಒತ್ತಿ ಹಿಡಿದರೆ ಅದು ಚಾವಣಿ ಕಡೆ ಮುಖ ಮಾಡುತ್ತದೆ. ಬೆಳಕು ಮೇಲೆ ಹೊಡೆದು ಮೆತ್ತಗೆ ಕೆಳಗಿಳಿಯುತ್ತದೆ, ಹಣೆ ಮೇಲೆ ಎಣ್ಣೆ ಸುರಿದಂತೆ ಹೊಳೆಯುವುದಿಲ್ಲ. ತಮ್ಮನ ಆರ್‌ಸಿಸಿ ಮನೆಯಲ್ಲಿ ಬಿಳಿ ಚಾವಣಿ, ಅಲ್ಲಿ ನಾಮಕರಣದ ಫೋಟೋ ಸ್ಟುಡಿಯೋದವರು ತೆಗೆದ ಹಾಗೆ ಬಂತು. ನಮ್ಮ ಹಳೇ ಮನೆಯಲ್ಲಿ ಮರದ ಮುಚ್ಚಿಗೆ, ನೂರು ವರ್ಷದ ಹೊಗೆ ಕುಡಿದು ಕರ್ರಗಾಗಿದೆ. ಅದು ಬೆಳಕನ್ನು ವಾಪಸ್ ಕೊಡುವುದೇ ಇಲ್ಲ.

ವಿಡಿಯೋ ಮಾಡುವವರಿಗೆ ಇದು ಬೇಡ. ಫುಲ್ ಎಚ್‌ಡಿ ಇದೆ, 4ಕೆ ಇಲ್ಲ. ಒಳ್ಳೆಯ ಗುಣಮಟ್ಟದ ಫೈಲುಗಳು ಎವಿಸಿಎಚ್‌ಡಿ ರೂಪದಲ್ಲಿ ಕಾರ್ಡಿನೊಳಗೆ ಫೋಲ್ಡರ್ ಒಳಗೆ ಫೋಲ್ಡರ್ ಒಳಗೆ ಫೋಲ್ಡರ್‌ನಲ್ಲಿ ಅಡಗಿರುತ್ತವೆ. ಮೊದಲ ತಿಂಗಳು ವಿಡಿಯೋ ಎಲ್ಲಾ ಮಾಯ ಆಯಿತು ಅಂತಲೇ ತಿಳಿದಿದ್ದೆ. ವಿಡಿಯೋ ಗುಂಡಿ ಹೆಬ್ಬೆರಳಿನ ಪಕ್ಕದಲ್ಲೇ ಇದೆ, ಗೊತ್ತಿಲ್ಲದೆ ಒತ್ತಿಹೋಗುತ್ತದೆ. ನನ್ನ ಹತ್ತಿರ ನನ್ನದೇ ಕಾಲಿನ, ತೋಟದ ದಾರಿಯ ಎಷ್ಟೋ ವಿಡಿಯೋ ಇವೆ. ಮೆನುವಿನಲ್ಲಿ ಆ ಗುಂಡಿ ವಿಡಿಯೋ ಮೋಡ್‌ನಲ್ಲಿ ಮಾತ್ರ ಕೆಲಸ ಮಾಡಲಿ ಅಂತ ಹೇಳಬಹುದು. ತಂದ ದಿನವೇ ಹಾಗೆ ಮಾಡಿಬಿಡಿ.

ಬ್ಯಾಟರಿ ಸಣ್ಣದು, ಎನ್‌ಪಿ-ಬಿಎಕ್ಸ್1, 1240 ಎಂಎಎಚ್. ಹೊಸದಿದ್ದಾಗ 330 ಫೋಟೋ ಅಂತ ಕಂಪನಿಯ ಲೆಕ್ಕ. ಪರದೆ ಹಚ್ಚಿಕೊಂಡು ತೆಗೆದ ಫೋಟೋಗಳನ್ನೇ ಮತ್ತೆ ಮತ್ತೆ ನೋಡುವವರಿಗೆ ಅಷ್ಟು ಬರುವುದಿಲ್ಲ. ನನ್ನಲ್ಲಿ ಮೂರು ಬ್ಯಾಟರಿ ಇವೆ, ಒಂದು ಮೂಲದ್ದು, ಎರಡು ಬೇರೆ ಕಂಪನಿಯವು. ಬೇರೆಯವುಗಳಲ್ಲಿ ಒಂದು ಎರಡನೇ ವರ್ಷಕ್ಕೇ ಊದಿಕೊಂಡಿತು. ಊದಿದ ಬ್ಯಾಟರಿಯನ್ನು ಒಳಗೆ ತುರುಕಲೇಬೇಡಿ, ಹೊರಗೆ ಬರುವುದಿಲ್ಲ, ಬೆಂಕಿಯ ಭಯ ಬೇರೆ. ತಿಂಗಳುಗಟ್ಟಲೆ ಎತ್ತಿಡುವುದಿದ್ದರೆ ಪೂರ್ತಿ ತುಂಬಿಸಿಯೂ ಇಡಬಾರದು, ಪೂರ್ತಿ ಖಾಲಿಯಾಗಿಯೂ ಇಡಬಾರದು, ಅರ್ಧ ಇರಲಿ. ಚಾರ್ಜಿಂಗ್ ಹಳೇ ಮೈಕ್ರೋ ಯುಎಸ್‌ಬಿ ತಂತಿಯಲ್ಲಿ. ಈಗ ಮನೆಯಲ್ಲಿ ಎಲ್ಲಾ ಟೈಪ್ ಸಿ, ಇದಕ್ಕೆ ಮಾತ್ರ ಒಂದು ತಂತಿ ಬೇರೆ ಇಡಬೇಕು ಅನ್ನುವುದು ಕಿರಿಕಿರಿ. ಆದರೂ ಇದರಲ್ಲೇ ಒಂದು ಉಪಕಾರ ಇದೆ. ಮಳೆಗಾಲದಲ್ಲಿ ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲದಾಗ ಪವರ್ ಬ್ಯಾಂಕ್‌ನಿಂದಲೇ ಕ್ಯಾಮೆರಾ ಚಾರ್ಜ್ ಆಗುತ್ತದೆ.

ಈಗ ಬೂಷ್ಟಿನ ವಿಷಯಕ್ಕೆ ಬರೋಣ. ನನಗೆ ಇದೇ ಮುಖ್ಯ.

ಲೆನ್ಸ್‌ಗೆ ಫಂಗಸ್ ಹಿಡಿಯಲು ಬೇಕಾದದ್ದು ತೇವ, ಕತ್ತಲು, ನಿಂತ ಗಾಳಿ. ಬೀರುವಿನಲ್ಲಿ ಮೂರೂ ಪುಕ್ಕಟೆ ಸಿಗುತ್ತವೆ. ಗಾಳಿಯ ತೇವ ಶೇಕಡಾ 65–70 ದಾಟಿ ಹಾಗೇ ನಿಂತರೆ ಅದು ಚಿಗುರುತ್ತದೆ. ನಮ್ಮಲ್ಲಿ ಜುಲೈ ತಿಂಗಳಲ್ಲಿ ಮನೆಯೊಳಗೇ 90 ತೋರಿಸುತ್ತದೆ. ಬೆಳೆದ ಫಂಗಸ್ ಒಂದು ಥರ ಆಮ್ಲ ಬಿಡುತ್ತದೆ, ಅದು ಗಾಜಿನ ಮೇಲಿನ ಲೇಪವನ್ನೇ ತಿನ್ನುತ್ತದೆ. ಆಮೇಲೆ ಒರೆಸಿದರೂ ಕಲೆ ಹೋಗುವುದಿಲ್ಲ. ಚರ್ಮದ ಚೀಲ ಅಂತೂ ಬೂಷ್ಟಿಗೆ ತವರುಮನೆ, ಅದರೊಳಗೆ ಇಡುವುದೇ ಬೇಡ.

ನಮ್ಮೂರಲ್ಲಿ ಎಲ್ಲರ ಬಳಿಯೂ ಒಂದೊಂದು ಮದ್ದು ಇದೆ. ಅಮ್ಮ ಅಕ್ಕಿ ಡಬ್ಬಿಯಲ್ಲಿ ಇಡು ಅಂದರು. ಅಕ್ಕಿಗೆ ತೇವ ಎಳೆಯುವ ಶಕ್ತಿ ಅಷ್ಟೇನಿಲ್ಲ, ಅದರ ಹುಡಿ ಮಾತ್ರ ಲೆನ್ಸ್ ಸಂದಿಗೆ ಖಂಡಿತ ಹೋಗುತ್ತದೆ. ದೊಡ್ಡಪ್ಪ ಬಚ್ಚಲ ಒಲೆ ಮೇಲಿನ ಹಲಗೆಯಲ್ಲಿಡು, ಒಣಕೊಬ್ಬರಿ ಅಲ್ಲೇ ತಾನೇ ಇಡುವುದು ಅಂದರು. ಕ್ಯಾಮೆರಾ ಕೊಬ್ಬರಿ ಅಲ್ಲ ದೊಡ್ಡಪ್ಪ ಅಂದೆ. ಹೊಗೆ, ಮಸಿ, ಬಿಸಿ ಮೂರೂ ಇದಕ್ಕೆ ಶತ್ರು. ಹಳೇ ಸ್ಟುಡಿಯೋದವರ ಉಪಾಯ ಮಾತ್ರ ಬುದ್ಧಿವಂತಿಕೆಯದು. ಅವರು ಕ್ಯಾಮೆರಾ ಇಡುವ ಕಪಾಟಿನೊಳಗೆ ಒಂದು ಝೀರೋ ಬಲ್ಬ್ ಉರಿಸುತ್ತಿದ್ದರು. ಬಲ್ಬಿನ ಬೆಚ್ಚಗೆಗೆ ಒಳಗಿನ ಗಾಳಿ ಒಣಗಿರುತ್ತಿತ್ತು. ಅದು ತಂತಿ ಕಾಯುವ ಹಳೇ ಬಲ್ಬ್ ಆಗಿರಬೇಕು, ಎಲ್‌ಇಡಿ ಹಾಕಿದರೆ ಬೆಳಕು ಇರುತ್ತದೆ, ಬಿಸಿ ಇರುವುದಿಲ್ಲ. ಮತ್ತೆ ನಮ್ಮಲ್ಲಿ ಕರೆಂಟೇ ಇರುವುದಿಲ್ಲವಲ್ಲ.

ನಾನು ಮಾಡಿಕೊಂಡದ್ದು ಇಷ್ಟು. ಅಡುಗೆಮನೆಗೆ ತರುವ, ಮುಚ್ಚಳಕ್ಕೆ ರಬ್ಬರ್ ಇರುವ, ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿ ಒಂದು. ಅದರೊಳಗೆ ಬಟ್ಟೆ ಚೀಲದಲ್ಲಿ ಕಟ್ಟಿದ ಸಿಲಿಕಾ ಜೆಲ್. ಜೊತೆಗೆ ತೇವ ತೋರಿಸುವ ಸಣ್ಣ ಡಿಜಿಟಲ್ ಮೀಟರ್, ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಮೀಟರ್ 40ರಿಂದ 50ರ ಮಧ್ಯೆ ಇದ್ದರೆ ಸಮಾಧಾನ. ತೀರಾ ಕೆಳಗಿಳಿಸುವುದೂ ಒಳ್ಳೆಯದಲ್ಲ, ರಬ್ಬರ್ ಮತ್ತು ಒಳಗಿನ ಗ್ರೀಸ್ ಒಣಗುತ್ತದೆ. ನೀಲಿ ಜೆಲ್ ಆದರೆ ತೇವ ಕುಡಿದು ಗುಲಾಬಿ ಆಗುತ್ತದೆ, ಕಿತ್ತಳೆಯದು ಹಸಿರಾಗುತ್ತದೆ. ಬಣ್ಣ ಬದಲಾದರೆ ಬಿಸಾಡಬೇಡಿ, ಸಣ್ಣ ಉರಿಯಲ್ಲಿ ಬಾಣಲೆಗೆ ಹಾಕಿ ಬಿಸಿ ಮಾಡಿದರೆ ಮತ್ತೆ ಮೊದಲಿನಂತಾಗುತ್ತದೆ. ಆದರೆ ನೀಲಿಯದರಲ್ಲಿ ಕೋಬಾಲ್ಟ್ ಇರುತ್ತದೆ, ಅದು ವಿಷ. ಆ ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸಬಾರದು. ನಾನು ಮೊದಲ ಸಲ ಒಗ್ಗರಣೆ ಬಾಣಲೆಯಲ್ಲೇ ಹುರಿಯಲು ಹೋಗಿ ಹೆಂಡತಿಯಿಂದ ಬೈಸಿಕೊಂಡೆ, ಸರಿಯಾಗಿಯೇ ಬೈದಳು. ಶೂ ಡಬ್ಬಿಯಲ್ಲಿ ಬರುವ ಸಣ್ಣ ಪೊಟ್ಟಣಗಳನ್ನು ಕೂಡಿಟ್ಟು ಹಾಕುವವರಿದ್ದಾರೆ. ಅವು ನಿಮ್ಮ ಮನೆಗೆ ಬರುವ ಹೊತ್ತಿಗೇ ಹೊಟ್ಟೆ ತುಂಬ ಕುಡಿದಿರುತ್ತವೆ.

ಡಬ್ಬಿಯಲ್ಲಿಟ್ಟೆ ಅಂತ ಮರೆತುಬಿಟ್ಟರೆ ಮತ್ತೆ ಬೀರುವಿನ ಕಥೆಯೇ. ವಾರಕ್ಕೆರಡು ಸಲವಾದರೂ ತೆಗೆದು, ಲೆನ್ಸ್ ಪೂರ್ತಿ ಹೊರಗೆ ಒಳಗೆ ಓಡಾಡಿಸಿ, ಬಿಸಿಲಿದ್ದರೆ ಜಗುಲಿಯಲ್ಲಿ ಸ್ವಲ್ಪ ಹೊತ್ತು ಬೆಳಕು ಕುಡಿಸುತ್ತೇನೆ. ನೇರ ಬಿಸಿಲಿಗೆ ಲೆನ್ಸ್ ತೆರೆದು ಇಡಬೇಡಿ, ಭೂತಗನ್ನಡಿಯಲ್ಲಿ ಕಾಗದ ಸುಟ್ಟ ಆಟ ನೆನಪಿದೆಯಲ್ಲ. ಫೋಟೋ ತೆಗೆಯಲು ಏನೂ ಇಲ್ಲದಿದ್ದರೆ ಅಂಗಳದಲ್ಲಿ ನೀರು ಎಷ್ಟು ನಿಂತಿದೆ ಅಂತ ಒಂದು ತೆಗೆಯುವುದು. ಹೀಗೆ ಸುಮ್ನೆ ತೆಗೆದ ಅಂಗಳದ ಫೋಟೋಗಳೇ ಈಗ ಆರು ವರ್ಷದ್ದು ಸಾಲಾಗಿ ಇವೆ. ಯಾವ ವರ್ಷ ಮಳೆ ತಡವಾಯಿತು ಅಂತ ಜಗಳ ಬಂದಾಗ ತೆಗೆದು ತೋರಿಸಲು ಆಗುತ್ತದೆ.

ಒರೆಸುವ ವಿಷಯ ಚಿಕ್ಕದು. ಪಂಚೆ ತುದಿ, ಟವೆಲ್, ಅಂಗಿ ತೋಳು ಯಾವುದೂ ಬೇಡ. ಬಾಯಿಂದ ಊದುವುದೂ ಬೇಡ, ಗಾಳಿಗಿಂತ ಎಂಜಲೇ ಜಾಸ್ತಿ ಹೋಗುತ್ತದೆ, ಎಲೆ ಅಡಿಕೆ ಹಾಕುವವರಂತೂ ಕೇಳಲೇಬೇಡಿ. ರಬ್ಬರ್ ಬ್ಲೋವರ್‌ನಿಂದ ಮೊದಲು ಧೂಳು ಹಾರಿಸಿ, ಆಮೇಲೆ ಕನ್ನಡಕದ ಮೈಕ್ರೋಫೈಬರ್ ಬಟ್ಟೆ. ಇನ್ನೊಂದು, ಆಯುಧಪೂಜೆ. ಅಮ್ಮ ಕತ್ತಿ, ಬೈಕು, ಪಂಪ್‌ಸೆಟ್ ಜೊತೆ ಇದಕ್ಕೂ ಕುಂಕುಮ ಇಡುತ್ತಾರೆ. ಬೇಡ ಅನ್ನಲು ನನ್ನಿಂದಾಗದು. ಜಿಪ್ ಇರುವ ಪ್ಲಾಸ್ಟಿಕ್ ಕವರ್ ಒಳಗೆ ಹಾಕಿ ಕೊಡುತ್ತೇನೆ, ಕುಂಕುಮ ಕವರಿಗೆ ಬೀಳುತ್ತದೆ, ಪೂಜೆಯೂ ಆಗುತ್ತದೆ.

ಮರಳಿನ ಪಾಠ ಮಾತ್ರ ನಾನು ಸ್ವತಃ ಕಲಿತದ್ದು. ಮರವಂತೆಯಲ್ಲಿ, ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ರಸ್ತೆ, ಅಂಥ ಜಾಗದಲ್ಲಿ ಕ್ಯಾಮೆರಾ ಕೈಯಲ್ಲಿ ಹಿಡಿದುಕೊಂಡೇ ಇರಬೇಕಾದವನು ಟೈಮರ್ ಫೋಟೋಗೆ ಅಂತ ಮರಳಿನ ದಿಣ್ಣೆ ಮೇಲೆ ಇಟ್ಟು ಓಡಿದೆ. ಗಾಳಿ ಬೀಸಿತು, ಕ್ಯಾಮೆರಾ ಮಗುಚಿತು. ಎತ್ತಿ ಆಫ್ ಮಾಡಿದರೆ ಲೆನ್ಸ್ ಅರ್ಧಕ್ಕೆ ಬಂದು ಕರಕರ ಅಂತ ನಿಂತಿತು. ಕೊಳವೆಯೊಳಗೆ ಕೊಳವೆ ಸರಿಯುವ ಇಂಥ ಲೆನ್ಸ್‌ಗೆ ಮರಳಿಗಿಂತ ದೊಡ್ಡ ಶತ್ರು ಇಲ್ಲ. ಕೈಯಿಂದ ಒತ್ತಿ ಒಳಗೆ ತಳ್ಳೋಣ ಅನ್ನಿಸುತ್ತದೆ, ತಳ್ಳಿದರೆ ಒಳಗಿನ ಸಣ್ಣ ಹಲ್ಲುಚಕ್ರ ಮುರಿಯುತ್ತದೆ. ಬ್ಯಾಟರಿ ತೆಗೆದೆ. ಲೆನ್ಸ್ ಕೆಳಮುಖ ಮಾಡಿ, ಸಂದಿಗೆ ಬ್ಲೋವರ್ ಹಿಡಿದು, ಮಕ್ಕಳ ಪೇಂಟಿಂಗ್ ಬ್ರಷ್‌ನಿಂದ ಸುತ್ತ ಸವರಿ, ಮತ್ತೆ ಬ್ಲೋವರ್, ಹೀಗೆ ಒಂದು ಸಂಜೆ ಪೂರ್ತಿ. ಮರುದಿನ ಬ್ಯಾಟರಿ ಹಾಕಿದಾಗ ನಾಲ್ಕನೇ ಪ್ರಯತ್ನಕ್ಕೆ ಒಳಗೆ ಹೋಯಿತು. ಆದದ್ದು ಅದೃಷ್ಟ. ಒಂದು ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿ ಕೇಳಿದ್ದೆ, ಲೆನ್ಸ್ ಬದಲಿಸಲು ಅವರು ಹೇಳಿದ ಮೊತ್ತ ನಾನು ಕ್ಯಾಮೆರಾಕ್ಕೆ ಕೊಟ್ಟದ್ದಕ್ಕಿಂತ ಜಾಸ್ತಿ ಇತ್ತು. ಹಾಗೆಯೇ ಜೇಬಿನೊಳಗೆ ಗುಂಡಿ ಒತ್ತಿಹೋಗಿ ಲೆನ್ಸ್ ಹೊರಗೆ ಬರಲು ಒದ್ದಾಡುವುದೂ ಅದೇ ಹಲ್ಲುಚಕ್ರಕ್ಕೆ ಪೆಟ್ಟು. ಬಿಗಿ ಜೇಬು ಬೇಡ.

ಬೆಂಗಳೂರಿನಿಂದ ಎಸಿ ಬಸ್ಸಿನಲ್ಲಿ ರಾತ್ರಿಯಿಡೀ ಕೂತು ಬೆಳಿಗ್ಗೆ ಮಂಗಳೂರಿನಲ್ಲಿ ಇಳಿದವರಿಗೆ ಕನ್ನಡಕ ಮಂಜಾಗುವುದು ಗೊತ್ತು. ಲೆನ್ಸ್‌ಗೂ ಅದೇ ಆಗುತ್ತದೆ, ಒಳಗೂ ಆಗಬಹುದು. ಇಳಿದ ತಕ್ಷಣ ತೆಗೆಯದೆ ಚೀಲದ ಜಿಪ್ ಹಾಕಿಯೇ ಅರ್ಧ ಗಂಟೆ ಬಿಡಿ. ಒಂದು ಕಾಫಿ ಕುಡಿದು ಬನ್ನಿ. ಜೋಗದ ಎದುರು ನಿಂತಾಗ ಹಾರಿ ಬರುವ ತುಂತುರಿಗೂ ಇದಕ್ಕೆ ರಕ್ಷಣೆ ಇಲ್ಲ, ನೀರು ತಡೆಯುವ ಮೈ ಇದರದ್ದಲ್ಲ. ಛತ್ರಿ ಹಿಡಿಯಲು ಒಬ್ಬರನ್ನು ಕರೆದುಕೊಂಡು ಹೋಗಿ.

ಕಾರ್ಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫೋಟೋ ಎಲ್ಲಾ ಎರಡು ಕಡೆ ಕಾಪಿ ಆಯಿತು ಅಂತ ಖಾತ್ರಿಯಾದ ಮೇಲೆ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ, ಕಂಪ್ಯೂಟರ್‌ನಲ್ಲಿ ಬೇಡ. ಅಕ್ಕನ ಮಗನ ವಾಟ್ಸಾಪ್ ಪ್ರಶ್ನೆಗೆ ಕೊನೆಗೆ ಉತ್ತರ ಸಿಕ್ಕಿದ್ದು ಫೋನಿಗೆ ಚುಚ್ಚುವ ಸಣ್ಣ ಕಾರ್ಡ್ ರೀಡರ್‌ನಲ್ಲಿ. ಈಗ ಆಟ ಮುಗಿದು ಮನೆಗೆ ಬರುವ ಮೊದಲೇ ಅವನು ಊರಿಗೆಲ್ಲ ಕಳಿಸಿರುತ್ತಾನೆ.

ಹಳೇ ಪೀಸ್ ಹುಡುಕುವವರಿಗೆ. ಈಗ ಹುಡುಗರಿಗೆ ಹಳೇ ಜೇಬು ಕ್ಯಾಮೆರಾಗಳ ಮೇಲೆ ಮತ್ತೆ ಮೋಹ ಬಂದು ಬೆಲೆ ಏರಿದೆ, ನನ್ನ 14,000ದ ಲೆಕ್ಕ ಹಿಡಿದು ಹೋಗಬೇಡಿ. ಅಂಗಡಿಯವರು ಬೇಸರ ಮಾಡಿಕೊಂಡರೂ ಪರವಾಗಿಲ್ಲ, ಆನ್ ಮಾಡಿ ಲೆನ್ಸ್‌ಗೆ ಓರೆಯಾಗಿ ಟಾರ್ಚ್ ಬಿಟ್ಟು ಎಳೆಗಳಿವೆಯಾ ನೋಡಿ. ಝೂಮ್ ಮಾಡುವಾಗ ಕಿವಿ ಹತ್ತಿರ ಹಿಡಿದು ಕೇಳಿ, ಒಂದೇ ಸಮನೆ ಝುಂಯ್ ಅನ್ನಬೇಕು, ಕರಕರ ಅಂದರೆ ವಾಪಸ್ ಕೊಡಿ. ಮೂಲೆಗಳಲ್ಲಿ ನಗ್ಗು ಇದ್ದರೆ ಬಿದ್ದ ಕ್ಯಾಮೆರಾ. ಕೊನೆಗೆ ಎಫ್ 11ಕ್ಕೆ ಇಟ್ಟು, ಅಂದರೆ ಲೆನ್ಸ್ ಬಾಗಿಲು ತೀರಾ ಸಣ್ಣದು ಮಾಡಿ, ಬಿಳಿ ಗೋಡೆ ಅಥವಾ ಆಕಾಶದ ಒಂದು ಫೋಟೋ ತೆಗೆದು ಹಿಗ್ಗಿಸಿ ಚುಕ್ಕೆ ಇದೆಯಾ ನೋಡಿ. ಇಂಥ ಲೆನ್ಸ್ ಹೊರಗೆ ಬರುವಾಗ ಗಾಳಿ ಎಳೆದುಕೊಳ್ಳುತ್ತದೆ, ಗಾಳಿಯ ಜೊತೆ ಧೂಳೂ ಹೋಗಿ ಸೆನ್ಸರ್ ಮೇಲೆ ಕೂರುತ್ತದೆ. ಲೆನ್ಸ್ ಕಳಚಲು ಬರುವುದಿಲ್ಲವಾದ್ದರಿಂದ ಮನೆಯಲ್ಲಿ ಒರೆಸುವ ದಾರಿಯೂ ಇಲ್ಲ. ವ್ಯಾಕ್ಯೂಮ್ ಕ್ಲೀನರ್ ಹಿಡಿದು ಎಳೆಯುವವರಿದ್ದಾರೆ, ನನಗೆ ಆ ಧೈರ್ಯ ಬಂದಿಲ್ಲ.

ನನ್ನದರಲ್ಲೂ ಒಂದು ಚುಕ್ಕೆ ಇದೆ, ಬಲಗಡೆ ಮೇಲೆ, ಹಂಪಿಯ ಬೇಸಿಗೆಯ ಧೂಳು ಅಂತ ನನ್ನ ಅನುಮಾನ. ಎಫ್ 8ಕ್ಕೆ ಹೋದರೆ ಆಕಾಶದಲ್ಲಿ ಕಾಣುತ್ತದೆ, ಎಫ್ 1.8ರಲ್ಲಿ ಕಾಣುವುದಿಲ್ಲ. ಈಗ ಜುಲೈ. ಮಧ್ಯಾಹ್ನ ಎರಡು ಗಂಟೆಗೆ ಜಗುಲಿಯಲ್ಲಿ ದೀಪ ಹಾಕಿಕೊಂಡು ಕೂತಿದ್ದೇವೆ, ಡಬ್ಬಿಯ ಮೀಟರ್ 46 ತೋರಿಸುತ್ತಿದೆ, ಎಫ್ 8ಕ್ಕೆ ಹೋಗುವ ಪ್ರಸಂಗ ಅಕ್ಟೋಬರ್ ತನಕ ಬರುವ ಹಾಗೆ ಕಾಣುವುದಿಲ್ಲ.